ಸಿಗ್ನಲ್ ಇಲ್ಲದ ಕ್ರಾಸಿನಲ್ಲಿ ಮೊದಲು ಯಾರು?

ದೊಡ್ಡ ಗಾಡಿಯವನೇ ಮೊದಲು ಎಂಬುದು ನಮ್ಮ ಕಡೆಯ ರೂಢಿ, ಕಾನೂನಲ್ಲ. 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಗೆ ಮೀನಿನ ಲಾರಿಯೂ ಒಂದೇ, ಸ್ಕೂಟಿಯೂ ಒಂದೇ. ಯಾರು ಯಾವ ರಸ್ತೆಯಲ್ಲಿದ್ದಾರೆ, ಎತ್ತ ಹೊರಟಿದ್ದಾರೆ ಎಂಬುದಷ್ಟೇ ಅಲ್ಲಿ ಲೆಕ್ಕ.

ಮುಖ್ಯ ರಸ್ತೆಯಲ್ಲಿ ಬರುವವರಿಗೆ ಅಡ್ಡರಸ್ತೆಯವರು ದಾರಿ ಬಿಡಬೇಕು. ಯಾವುದು ಮುಖ್ಯ ಎಂದು ಹೇಳಲಾಗದಿದ್ದರೆ ಬಲಗಡೆಯಿಂದ ಬರುವವರಿಗೆ ಬಿಡಬೇಕು. ಎದುರುಬದುರಾದಾಗ ನೇರ ಹೋಗುವವರು ಮೊದಲು, ಬಲಕ್ಕೆ ತಿರುಗುವವರು ಆಮೇಲೆ. ಸರ್ಕಲ್ ಸುತ್ತುತ್ತಿರುವವರು ಮುಗಿಸಿಕೊಳ್ಳುವ ತನಕ ಒಳಬರುವವರು ಕಾಯಬೇಕು. ಶಿರಸಿಯ ಐದು ರಸ್ತೆಯಂಥ ಕಡೆ ಗೊಂದಲವಾಗುವುದು ಇದನ್ನು ಮರೆತಾಗಲೇ: ಐದೂ ಕಡೆಯವರು ಒಟ್ಟಿಗೆ ಮೂತಿ ತೂರಿಸಿದರೆ ಒಳಗಿದ್ದವರಿಗೆ ಹೊರಬರಲು ದಾರಿಯೇ ಉಳಿಯುವುದಿಲ್ಲ.

ಎಂಟು ಮೂಲೆಯ ಕೆಂಪು 'ಸ್ಟಾಪ್' ಬೋರ್ಡ್ ಇದ್ದರೆ ರಸ್ತೆ ಖಾಲಿಯಿದ್ದರೂ ಚಕ್ರ ಪೂರ್ತಿ ನಿಲ್ಲಬೇಕು. ತಲೆಕೆಳಗಾದ ತ್ರಿಕೋನವಿದ್ದರೆ ನಿಧಾನಿಸಿ, ಯಾರಾದರೂ ಬರುತ್ತಿದ್ದರೆ ಮಾತ್ರ ನಿಂತರೆ ಸಾಕು.

ಈಗ ಅಸಲಿ ಕಷ್ಟಕ್ಕೆ ಬರೋಣ. ಚತುಷ್ಪಥವಾದ ರಾಷ್ಟ್ರೀಯ ಹೆದ್ದಾರಿ 66. ಗೋಕರ್ಣದ ಕಡೆಯಿಂದ ಬಂದು ಮಾದನಗೇರಿಯಲ್ಲಿ, ಇಲ್ಲವೇ ಯಾವುದೋ ಊರಿನ ಅಡ್ಡರಸ್ತೆಯಿಂದ, ಹೈವೇ ದಾಟಿ ಬಲಕ್ಕೆ ಹೋಗಬೇಕೆಂದುಕೊಳ್ಳಿ. ಗಂಟೆಗೆ 80 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ 22 ಮೀಟರ್ ಬರುತ್ತದೆ. ನಿಂತ ಕಾರು ಎರಡು ಲೇನ್ ದಾಟಲು ಸುಮಾರು 5 ಸೆಕೆಂಡ್ ಬೇಕು. ಅಂದರೆ 110 ಮೀಟರ್ ಆಚೆ ಕಂಡ ಗಾಡಿ ಅಷ್ಟರಲ್ಲಿ ನಿಮ್ಮ ಬಾಗಿಲಿಗೇ ಬಂದಿರುತ್ತದೆ. ಮಳೆಗಾಲದಲ್ಲಿ, ಮೀನಿನ ನೀರು ಸೋರಿದ ಜಾಗದಲ್ಲಿ, ಬ್ರೇಕ್ ಹಿಡಿದರೂ ಗಾಡಿ ಜಾರುತ್ತದೆ. ಆಗ 200 ಮೀಟರ್ ಖಾಲಿ ಕಾಣದೆ ಹೊರಡಬೇಡಿ. ಅಂದಾಜು ಸಿಗದಿದ್ದರೆ ಹೈವೇ ಬದಿಯ 200 ಮೀಟರ್ ಕಲ್ಲುಗಳನ್ನು ಗುರುತಿಟ್ಟುಕೊಳ್ಳಬಹುದು.

ದಾಟುವುದನ್ನು ಎರಡು ಕಂತಿನಲ್ಲಿ ಮಾಡಿ. ಮೊದಲು ಬಲಕ್ಕೆ ನೋಡಿ, ಆಮೇಲೆ ಎಡಕ್ಕೂ (ರಾಂಗ್ ಸೈಡಿನಲ್ಲಿ ಬರುವ ಬೈಕಿಗಾಗಿ), ಮತ್ತೊಮ್ಮೆ ಬಲಕ್ಕೆ ನೋಡಿ ಡಿವೈಡರ್ ತೆರವಿನವರೆಗೆ ಹೋಗಿ ನಿಲ್ಲಿ. ಅಲ್ಲಿಂದ ಎಡಕ್ಕೆ ನೋಡಿ ಉಳಿದರ್ಧ ದಾಟಿ. ಆದರೆ ನಿಮ್ಮ ಗಾಡಿ ಆ ತೆರವಿನಲ್ಲಿ ಹಿಡಿಸಬೇಕು. 4 ಮೀಟರಿನ ಕಾರು ಅಗಲವಾದ ತೆರವಿನಲ್ಲಿ ಹಿಡಿಸೀತು, 11–12 ಮೀಟರಿನ ಬಸ್ಸಿನ ಬಾಲ ವೇಗದ ಲೇನಿನಲ್ಲೇ ಉಳಿಯುತ್ತದೆ. ಬಸ್ಸು, ಲಾರಿಯವರು ಎರಡೂ ಕಡೆ ಖಾಲಿಯಾದ ಮೇಲೆ ಒಂದೇ ಸಲಕ್ಕೆ ದಾಟಬೇಕು. ಹೈವೇಯಲ್ಲೇ ಬಂದು ಬಲಕ್ಕೆ ತಿರುಗಲು ತೆರವಿನ ಬಳಿ ಕಾಯುವಾಗ ಸ್ಟೇರಿಂಗ್ ನೇರವಾಗಿರಲಿ. ಮೊದಲೇ ತಿರುಗಿಸಿಟ್ಟಿದ್ದರೆ ಹಿಂದಿನಿಂದ ಯಾರಾದರೂ ಗುದ್ದಿದಾಗ ಕಾರು ಓರೆಯಾಗಿ ಎದುರು ಬರುವವರ ಲೇನಿಗೆ ನುಗ್ಗುತ್ತದೆ.

ನೇರ ಹೋಗಲು ನಾಲ್ಕೂ ಇಂಡಿಕೇಟರ್ ಹಾಕುವವರು ಬಹಳ. ಎಡಗಡೆ ನಿಂತವನಿಗೆ ಎಡದ ದೀಪ ಮಾತ್ರ ಕಾಣುತ್ತದೆ. ನೀವು ಎಡಕ್ಕೆ ತಿರುಗುತ್ತೀರೆಂದು ಅವನು ಹೊರಟೇಬಿಡುತ್ತಾನೆ. ನೇರ ಹೋಗಲು ಯಾವ ದೀಪವೂ ಬೇಡ. ಎದುರಿನವನು ಡಿಪ್ಪರ್ ಹೊಡೆದರೆ 'ನೀನು ಹೋಗು' ಎಂದುಕೊಳ್ಳಬೇಡಿ. ನಮ್ಮಲ್ಲಿ ಅದರರ್ಥ ಹೆಚ್ಚಾಗಿ 'ನಾನು ಬಂದೆ, ನಿಲ್ಲು'.

ಆಂಬುಲೆನ್ಸ್ ಬಂದಾಗ ಮೇಲಿನ ಯಾವ ಲೆಕ್ಕವೂ ಇಲ್ಲ. ದಾರಿ ಬಿಡದಿದ್ದರೆ ಮೋಟಾರು ವಾಹನ ಕಾಯ್ದೆಯ ಕಲಂ 194-ಇ ಪ್ರಕಾರ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಘಟ್ಟದ ಇಕ್ಕಟ್ಟಿನಲ್ಲಿ ಎರಡು ಗಾಡಿ ಒಟ್ಟಿಗೆ ಹಿಡಿಸದಿದ್ದರೆ ಇಳಿಯುವವರು ನಿಂತು ಏರುವವರಿಗೆ ಬಿಡಬೇಕು. ಶಿರಸಿ–ಕುಮಟಾ ರಸ್ತೆಯ ದೇವಿಮನೆ ಘಟ್ಟದ ಏರಿನಲ್ಲಿ ನಿಂತ ಲೋಡ್ ಲಾರಿ ಮತ್ತೆ ಹೊರಡುವಾಗ ಒಂದಿಷ್ಟು ಹಿಂದಕ್ಕೆ ಸರಿಯುವುದುಂಟು. ಅದರ ಬೆನ್ನಿಗೇ ಬಂದು ನಿಲ್ಲಬೇಡಿ.