ಹಳೆಯ ಲಾರಿಯ ಹೆಡ್‌ಲೈಟ್ ಮಂಕಾಗಿದೆಯೇ? ಬಲ್ಬ್ ಕೊಳ್ಳುವ ಮೊದಲು ವೈರಿಂಗ್ ನೋಡಿ

ಬೆಳಗಾವಿಯಲ್ಲಿ ತರಕಾರಿ ಹೇರಿಕೊಂಡು ರಾತ್ರಿ ಗೋವಾಕ್ಕೆ ಇಳಿಯುವ ಲಾರಿಗಳಿಗೆ ಅನಮೋಡ್ ಘಾಟಿನ ಕಾಡಿನಲ್ಲಿ ಬೀದಿದೀಪದ ಆಸರೆ ಇರುವುದಿಲ್ಲ. ಮೊಲೆಮ್ ಅಭಯಾರಣ್ಯದ ನಡುವೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 748ರಲ್ಲಿ ಮಳೆಗಾಲದ ಮಂಜನ್ನೂ, ತಿರುವಿನ ಅಂಚನ್ನೂ, ರಸ್ತೆಗೆ ಅಡ್ಡ ಬಂದ ಕಾಡುಕೋಣದ ಕಪ್ಪು ಮೈಯನ್ನೂ ಚಾಲಕ ತನ್ನ ಗಾಡಿಯ ಬೆಳಕಿನಲ್ಲಿಯೇ ಗುರುತಿಸಬೇಕು. ಬೆಳಕು ಸಾಲದೆಂದು ಕಂಡಾಗ ಫೋಂಡಾ, ಮಡಗಾಂವ್, ವಾಸ್ಕೋ ಕಡೆಯ ನಮ್ಮ ಲಾರಿ ಮಾಲೀಕರಲ್ಲಿ ಅನೇಕರು ಹೆಚ್ಚು ವ್ಯಾಟಿನ ಬಲ್ಬ್ ಹಾಕಿಸಲು ಮುಂದಾಗುತ್ತಾರೆ. ಆದರೆ ಹಳೆಯ ಗಾಡಿಗಳಲ್ಲಿ ದೋಷ ಬಲ್ಬಿನಲ್ಲಿರುವುದಕ್ಕಿಂತ ಹೆಚ್ಚಾಗಿ ವೈರಿಂಗ್‌ನಲ್ಲಿರುತ್ತದೆ. ಬ್ಯಾಟರಿಯಿಂದ ಹೊರಟ ವೋಲ್ಟೇಜಿನ ಒಂದು ಪಾಲು ಬಲ್ಬ್ ತಲುಪುವ ಮೊದಲೇ ನಷ್ಟವಾಗಿರುತ್ತದೆ.

ಹ್ಯಾಲೊಜೆನ್ ಬಲ್ಬಿಗೆ ಸಿಗುವ ವೋಲ್ಟೇಜ್ ಶೇಕಡಾ 10ರಷ್ಟು ಕಡಿಮೆಯಾದರೆ ಬೆಳಕು ಶೇಕಡಾ 30ರ ಆಸುಪಾಸಿನಲ್ಲಿ ಕುಸಿಯುತ್ತದೆ. ಮೂಲ ವೈರಿಂಗ್‌ನಲ್ಲಿ ಕರೆಂಟು ಕ್ಯಾಬಿನ್ನಿನ ಸ್ವಿಚ್, ಡಿಪ್ಪರ್ (ಡಿಮ್-ಹೈಬೀಮ್ ಬದಲಿಸುವ ಸ್ವಿಚ್) ಮತ್ತು ಹಲವು ಕನೆಕ್ಟರುಗಳನ್ನು ದಾಟಿ ಬರುವುದರಿಂದ ಪ್ರತಿಯೊಂದು ಜೋಡಣೆಯಲ್ಲಿಯೂ ಸ್ವಲ್ಪ ಸ್ವಲ್ಪ ಕಳೆದುಹೋಗುತ್ತದೆ. ಕರಾವಳಿಯ ಉಪ್ಪು ಗಾಳಿಗೂ ಮಳೆಗೂ ಸಿಕ್ಕ ತಾಮ್ರದ ಟರ್ಮಿನಲ್ಲುಗಳ ಮೇಲೆ ಹಸಿರು ಕಿಲುಬು ಕಟ್ಟಿಕೊಂಡರಂತೂ ನಷ್ಟ ಇನ್ನೂ ಹೆಚ್ಚು.

ಆದ್ದರಿಂದ ಮೊದಲ ಕೆಲಸ ಅಳತೆ. ಎಂಜಿನ್ ಚಾಲೂ ಮಾಡಿ, 24 ವೋಲ್ಟಿನ ಲಾರಿಯ ಎರಡೂ ಬ್ಯಾಟರಿಗಳ ಒಟ್ಟು ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ನೋಡಿರಿ. ಅದು ಸುಮಾರು 27.5ರಿಂದ 28.5 ಇರಬೇಕು, ಕಡಿಮೆ ಇದ್ದರೆ ಬೆಲ್ಟಿನ ಬಿಗಿತವನ್ನೂ ಆಲ್ಟರ್ನೇಟರನ್ನೂ ಮೊದಲು ಸರಿಪಡಿಸಬೇಕು. ಅನಂತರ ಹೆಡ್‌ಲೈಟ್ ಹಾಕಿ, ಬಲ್ಬ್ ಉರಿಯುತ್ತಿರುವಾಗಲೇ ಹೋಲ್ಡರಿನ ಹಿಂಬದಿಯಲ್ಲಿ ಅಳೆಯಿರಿ. ಬಲ್ಬ್ ಕಳಚಿ ಅಳೆದರೆ ಕರೆಂಟು ಹರಿಯದ ಕಾರಣ ಮೀಟರು ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ, ದೋಷ ಮುಚ್ಚಿಹೋಗುತ್ತದೆ. ಬ್ಯಾಟರಿಗೂ ಹೋಲ್ಡರಿಗೂ ನಡುವೆ 1 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ವೈರಿಂಗ್‌ಗೆ ಕೈ ಹಾಕಲೇಬೇಕು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಹೋಲ್ಡರಿನ ಅರ್ಥ್ (ಕರೆಂಟು ಚಾಸಿಯ ಮೂಲಕ ಬ್ಯಾಟರಿಗೆ ಮರಳುವ ದಾರಿ) ಟರ್ಮಿನಲ್ಲಿಗೂ ತಾಗಿಸಿದಾಗ ಸೊನ್ನೆಯ ಹತ್ತಿರದ ಅಂಕಿ ಬರಬೇಕು. ಬಾರದಿದ್ದರೆ ತಪ್ಪು ಅರ್ಥಿಂಗ್‌ನಲ್ಲಿದೆ.

ಅರ್ಥಿಂಗ್ ಸರಿಪಡಿಸುವುದಕ್ಕೆ ಖರ್ಚೇ ಇಲ್ಲವೆನ್ನಬಹುದು, ಫಲ ಮಾತ್ರ ದೊಡ್ಡದು. ಎಂಜಿನ್ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ಕೇಬಲ್ ಕಳಚಿ, ಅರ್ಥ್ ಬೋಲ್ಟ್ ಬಿಚ್ಚಿ, ಚಾಸಿಯ ಬಣ್ಣವನ್ನೂ ತುಕ್ಕನ್ನೂ ಮರಳು ಕಾಗದದಿಂದ ಉಜ್ಜಿ ಹೊಳೆಯುವ ಲೋಹ ಕಾಣುವಂತೆ ಮಾಡಬೇಕು. ವೈರಿನ ತುದಿಗೆ ಹೊಸ ಲಗ್ (ಲೋಹದ ಬಳೆ) ಹಾಕಿ ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಮಳೆಯ ನೀರು ಬೇಗ ತಾಗುವುದಿಲ್ಲ. ಹೋಲ್ಡರಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅದನ್ನು ತೆಗೆದು ಸೆರಾಮಿಕ್ ಹೋಲ್ಡರ್ ಹಾಕಿಸಿರಿ. ಒಳಗಿನ ರಿಫ್ಲೆಕ್ಟರನ್ನೂ ಗಮನಿಸಿರಿ; ಬೆಳ್ಳಿಯಂಥ ಲೇಪನ ಕಪ್ಪಾಗಿದ್ದರೆ ಯಾವ ಬಲ್ಬ್ ಹಾಕಿದರೂ ಬೆಳಕು ಮುಂದಕ್ಕೆ ಹೋಗುವುದಿಲ್ಲ, ಬಟ್ಟೆಯಿಂದ ಒರೆಸಿದರೆ ಉಳಿದ ಲೇಪನವೂ ಕಿತ್ತುಬರುತ್ತದೆ. ಹೊಸ ಲೈಟ್ ಕೊಳ್ಳುವಾಗ ಅದು ಎಡಬದಿಯ ಸಂಚಾರಕ್ಕೆ ತಯಾರಾದದ್ದೇ ಎಂದು ಕೇಳಿ ಪಡೆಯಬೇಕು. ಬಲಬದಿಯಲ್ಲಿ ವಾಹನ ಓಡಿಸುವ ದೇಶಗಳ ಲೈಟಿನಲ್ಲಿ ಡಿಮ್ ಬೆಳಕು ಬಲಕ್ಕೆ ಮೇಲೇಳುವುದರಿಂದ ನಮ್ಮ ರಸ್ತೆಯಲ್ಲಿ ಅದು ನೇರವಾಗಿ ಎದುರು ಬರುವವರ ಕಣ್ಣಿಗೆ ಬೀಳುತ್ತದೆ.

ಇಷ್ಟಾದರೂ ವೋಲ್ಟೇಜ್ ಕೊರತೆ ಉಳಿದರೆ ರಿಲೇ (ಸಣ್ಣ ಕರೆಂಟಿನ ಸೂಚನೆಯಿಂದ ದೊಡ್ಡ ಕರೆಂಟನ್ನು ಹರಿಸುವ ಸ್ವಿಚ್) ಹಾಕಿಸುವುದೇ ಸರಿಯಾದ ಪರಿಹಾರ. ಡಿಮ್‌ಗೆ ಒಂದು, ಹೈಬೀಮ್‌ಗೆ ಒಂದು, ಹೀಗೆ ಎರಡು 24 ವೋಲ್ಟಿನ ರಿಲೇ ಬೇಕು. ರಿಲೇಯಲ್ಲಿ 30 ಎಂದು ಬರೆದ ಕಾಲಿಗೆ (ಪಿನ್ನಿಗೆ) ಬ್ಯಾಟರಿಯ ಪಾಸಿಟಿವ್‌ನಿಂದ 15 ಆಂಪಿಯರ್ ಫ್ಯೂಸಿನ ಮೂಲಕ ವೈರ್ ಬರಬೇಕು; ಆ ಫ್ಯೂಸ್ ಬ್ಯಾಟರಿಗೆ ಆದಷ್ಟು ಹತ್ತಿರವಿರಬೇಕು, ಏಕೆಂದರೆ ಫ್ಯೂಸಿಗಿಂತ ಹಿಂದೆ ವೈರ್ ಉಜ್ಜಿ ಚಾಸಿಗೆ ತಾಗಿದರೆ ಬೆಂಕಿಯನ್ನು ತಡೆಯುವುದು ಯಾವುದೂ ಇರುವುದಿಲ್ಲ. 87ರಿಂದ ಲೈಟಿಗೆ 2.5 ಚದರ ಮಿಲಿಮೀಟರಿನ ತಾಮ್ರದ ವೈರ್, 86ಕ್ಕೆ ಹಳೆಯ ಹೆಡ್‌ಲೈಟ್ ವೈರ್, 85ಕ್ಕೆ ಅರ್ಥ್. ಎರಡು 75 ವ್ಯಾಟಿನ ಬಲ್ಬುಗಳು ಎಳೆಯುವ ಸುಮಾರು 6 ಆಂಪಿಯರ್ ಕರೆಂಟು ಆಗ ಸ್ವಿಚ್ಚಿನ ಮೂಲಕ ಹರಿಯುವುದಿಲ್ಲ, ಸ್ವಿಚ್ಚು ರಿಲೇಗೆ ಆಜ್ಞೆ ಕೊಡುವ ಕೆಲಸವನ್ನಷ್ಟೇ ಮಾಡುತ್ತದೆ. ವೈರನ್ನು ಪೈಪಿನೊಳಗೆ ಸೇರಿಸಿ ಸೈಲೆನ್ಸರಿನಿಂದ ದೂರ ಕಟ್ಟಿಸಿರಿ. ಇದನ್ನು ಅನುಭವಸ್ಥ ಆಟೊ ಎಲೆಕ್ಟ್ರಿಷಿಯನ್ನರ ಕೈಯಲ್ಲೇ ಮಾಡಿಸುವುದು ಲೇಸು.

ಬಲ್ಬ್ ಮಾತ್ರ ಕಂಪನಿ ಹೇಳಿದ ವ್ಯಾಟಿನದೇ ಇರಲಿ. ಡಿಮ್, ಹೈಬೀಮ್ ಎರಡೂ ಒಂದರಲ್ಲೇ ಇರುವ 24 ವೋಲ್ಟಿನ ಎಚ್-4 ಬಲ್ಬಿಗೆ ಅದು 75/70, ಅಂದರೆ ಹೈಬೀಮ್‌ಗೆ 75, ಡಿಮ್‌ಗೆ 70 ವ್ಯಾಟ್. ಇದಕ್ಕಿಂತ ಹೆಚ್ಚಿನದು ಹೋಲ್ಡರನ್ನೂ ರಿಫ್ಲೆಕ್ಟರನ್ನೂ ಸುಡುತ್ತದೆ. ಹ್ಯಾಲೊಜೆನ್ ರಿಫ್ಲೆಕ್ಟರಿಗೆ ಎಲ್‌ಇಡಿ ಬಲ್ಬ್ ತುರುಕುವುದನ್ನು ನಾನು ಒಪ್ಪುವುದಿಲ್ಲ: ಬೆಳಕು ಹುಟ್ಟುವ ಜಾಗ ಕೂದಲೆಳೆಯಷ್ಟು ಸರಿದರೂ ಕಿರಣಗಳು ಚದುರುತ್ತವೆ, ಓಡಿಸುವವರಿಗೆ ಬೆಳ್ಳಗೆ ಕಂಡರೂ ಎದುರಿನವರಿಗೆ ಕಣ್ಣು ಕಾಣದಂತಾಗುತ್ತದೆ. ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ತೆಗೆದು ಲೈಟ್ ಉರಿಸಿದರೆ ಆ ಬ್ಯಾಟರಿ ಸೊರಗುತ್ತದೆ, ಮತ್ತೊಂದು ಅತಿಯಾಗಿ ಚಾರ್ಜ್ ಆಗುತ್ತದೆ. ಬಲ್ಬುಗಳನ್ನು ಜೋಡಿಯಾಗಿಯೇ ಬದಲಿಸಿರಿ, ಗಾಜನ್ನು ಬೆರಳಿನಿಂದ ಮುಟ್ಟಬೇಡಿರಿ.

ಕೊನೆಗೆ ಬೆಳಕಿನ ದಿಕ್ಕು. ಸಮತಟ್ಟಾದ ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ ಡಿಮ್ ಹಾಕಿದಾಗ, ಬೆಳಕಿನ ಮೇಲಂಚು ಲೈಟಿನ ನಡುಬಿಂದುವಿನ ಎತ್ತರಕ್ಕಿಂತ 10ರಿಂದ 15 ಸೆಂಟಿಮೀಟರ್ ಕೆಳಗಿರಬೇಕು; ಲೈಟು ನೆಲದಿಂದ 1 ಮೀಟರಿಗಿಂತ ಎತ್ತರದಲ್ಲಿದ್ದರೆ 15ರಿಂದ 20. ಎದುರಿನವರ ಕಣ್ಣು ಕುಕ್ಕದಂತೆ ಬೆಳಕನ್ನು ಕೆಳಕ್ಕೆ ಬಾಗಿಸಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮವೂ ಹೇಳುತ್ತದೆ. ಮಾಲು ತುಂಬಿದಾಗ ಹಿಂದಿನ ಪಟ್ಟಾ (ಸ್ಪ್ರಿಂಗ್) ಕುಸಿದು ಮುಂದಿನ ಬೆಳಕು ಮೇಲೇಳುವುದರಿಂದ ಖಾಲಿ ಗಾಡಿಯಲ್ಲಿ ನೋಡಿದ್ದಷ್ಟೇ ಸಾಲದು, ಲೋಡು ತುಂಬಿದ ಮೇಲೆ ಇನ್ನೊಮ್ಮೆ ನೋಡಬೇಕು. ಘಾಟಿಗೆ ಹೊರಡುವ ಮುನ್ನ ಲೈಟನ್ನು ಅರ್ಧ ಗಂಟೆ ಉರಿಸಿ, ಆರಿಸಿದ ಕೂಡಲೇ ರಿಲೇ, ಫ್ಯೂಸ್ ಮತ್ತು ಕನೆಕ್ಟರಿನ ವೈರುಗಳನ್ನು ಮುಟ್ಟಿ ನೋಡಿರಿ. ಉಗುರುಬೆಚ್ಚಗಿದ್ದರೆ ತೊಂದರೆಯಿಲ್ಲ, ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಆ ಜೋಡಣೆಯನ್ನು ಬಿಚ್ಚಿ ಮತ್ತೆ ಮಾಡಿಸದೆ ಗಾಡಿಯನ್ನು ರಸ್ತೆಗೆ ತರಬಾರದು.