ಮನೆಪಾಠದ ಮನೆಗೆ ಪಾಪು ಬರುವ ಮುಂಚೆ

ಹೆರಿಗೆಗೆ ಮೂರು ತಿಂಗಳು ಉಳಿದಿದೆ ಎನ್ನುವಾಗ ತುಂಬಾ ತಾಯಂದಿರು ಒಂದೇ ಕೆಲಸಕ್ಕೆ ಬೀಳುತ್ತಾರೆ. ದೊಡ್ಡ ಮಗುವಿನ ಗಣಿತದ ಪುಸ್ತಕ ಮುಗಿಸಿಬಿಡಬೇಕು, ವಿಜ್ಞಾನದ ಎರಡು ಪಾಠ ಮುಂದಕ್ಕೆ ಓಡಿಸಬೇಕು ಅಂತ. ನಾನೂ ಹಾಗೇ ಮಾಡಿದವಳು. ನನ್ನ ನಾಲ್ಕು ಮಕ್ಕಳಿಗೆ, ಶಾಲೆಗೆ ಕಳಿಸದೆ, ಮನೆಯಲ್ಲೇ ಪಾಠ ಹೇಳಿಕೊಟ್ಟಿದ್ದೇನೆ. ಅದರಲ್ಲಿ ಮೂರು ಸಲ ಪಾಠ ನಡೆಯುತ್ತಿರುವಾಗಲೇ ಬಸುರಿಯಾಗಿದ್ದೆ. ಆ ಅನುಭವದಿಂದ ಹೇಳುತ್ತೇನೆ, ಪುಸ್ತಕ ಮುಗಿಸಲು ಓಡಬೇಡಿ. ಆ ಮೂರು ತಿಂಗಳಲ್ಲಿ ನಿಮ್ಮ ಮಗು ನಿಮ್ಮನ್ನು ಕರೆಯದೆ ಅರ್ಧ ಗಂಟೆ ತನ್ನ ಕೆಲಸ ತಾನು ಮಾಡಿಕೊಳ್ಳುವುದನ್ನು ಕಲಿಸಿ. ಅದಕ್ಕಿಂತ ದೊಡ್ಡ ತಯಾರಿ ಇನ್ನೊಂದಿಲ್ಲ.

ಯಾಕೆ ಅಂದರೆ, ಲೆಕ್ಕ ಹಾಕಿ ನೋಡಿ. ಹುಟ್ಟಿದ ಮಗು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಒಂದೊಂದು ಸಲಕ್ಕೆ ಅರ್ಧ ಗಂಟೆ ಹಿಡಿದರೂ ಐದು ಗಂಟೆ ಅಲ್ಲೇ ಹೋಯಿತು. ಬಟ್ಟೆ ಬದಲಿಸುವುದು, ತೇಗಿಸುವುದು, ಮಲಗಿಸುವುದು ಬೇರೆ. ಅಷ್ಟು ಹೊತ್ತು ನಿಮ್ಮ ಕೈ ಖಾಲಿ ಇರುವುದಿಲ್ಲ. ಒಂದು ಸಾಲು ಬರೆದು "ಅಮ್ಮಾ, ಮುಂದೆ ಏನು?" ಎಂದು ಕೇಳುವ ಮಗುವಿಗೆ ಆಗ ಕಷ್ಟವಾಗುತ್ತದೆ. ನಿಮಗೂ ಕಷ್ಟ. ಪುಸ್ತಕದಲ್ಲಿ ಎಷ್ಟು ಮುಂದಿದ್ದರೂ ಅದು ಆ ಹೊತ್ತಿಗೆ ಕೆಲಸಕ್ಕೆ ಬರುವುದಿಲ್ಲ.

ಇದನ್ನು ಆರನೇ ತಿಂಗಳಿನಲ್ಲಿಯೇ ಆರಂಭಿಸಿ. ಒಂದೊಂದು ಮಗುವಿಗೆ ಒಂದೊಂದು ಡಬ್ಬಿ ಮಾಡಿ. ಅದರಲ್ಲಿ ಆ ಮಗುವಿಗೆ ಈಗಾಗಲೇ ಬರುವ ಕೆಲಸ ಮಾತ್ರ ಇಡಿ. ನಾನು ಮೊದಲ ಸಲ ತಪ್ಪಿದ್ದು ಇಲ್ಲೇ. ಹೊಸ ಲೆಕ್ಕ ಇಟ್ಟೆ, ಮಗಳು ಎರಡು ನಿಮಿಷಕ್ಕೊಮ್ಮೆ ಎದ್ದು ಬಂದಳು. ಗೊತ್ತಿರುವ ಲೆಕ್ಕ, ನೋಡಿ ಬರೆಯಲು ಒಂದು ಪುಟ, ತಾನೇ ಓದಬಲ್ಲ ಪುಸ್ತಕ, ಚಿತ್ರ ಬಿಡಿಸಲು ಹಾಳೆ, ಇಷ್ಟು ಸಾಕು. ಮೊದಲ ವಾರ ಹತ್ತೇ ನಿಮಿಷ. ನೀವು ಅದೇ ಕೋಣೆಯಲ್ಲಿ ಕೂತಿರಿ, ಆದರೆ ಮಾತಾಡಬೇಡಿ. ಗಡಿಯಾರದ ಮುಳ್ಳು ಎಲ್ಲಿಗೆ ಬಂದಾಗ ಮಾತಾಡುತ್ತೀರಿ ಎಂದು ಮೊದಲೇ ತೋರಿಸಿ, ಆ ಮಾತು ಉಳಿಸಿಕೊಳ್ಳಿ. ಹತ್ತು ನಿಮಿಷ ಎಂದು ಹೇಳಿ ಇಪ್ಪತ್ತು ಮಾಡಿದರೆ ಮಗುವಿನ ನಂಬಿಕೆ ಹೋಗುತ್ತದೆ. ವಾರಕ್ಕೆ ಐದೈದು ನಿಮಿಷ ಏರಿಸಿ. ಕೊನೆಯಲ್ಲಿ ತೆಗೆದ ವಸ್ತುವನ್ನು ತೆಗೆದ ಜಾಗಕ್ಕೇ ಇಡುವುದೂ ಆ ಪಾಠದಲ್ಲಿ ಸೇರಿದ್ದು.

ಇನ್ನು ವೇಳಾಪಟ್ಟಿಯ ವಿಷಯ. ಮೂರನೇ ಮಗುವಾದಾಗ ನಾನು ಗೋಡೆಗೆ ಚೆಂದದ ಪಟ್ಟಿ ಅಂಟಿಸಿದ್ದೆ. ಸೋಮವಾರ ವಿಜ್ಞಾನ, ಮಂಗಳವಾರ ಭೂಗೋಳ, ಹೀಗೆ. ಆಮೇಲೆ ಆಗಿದ್ದೇನು? ಮೂರು ಭಾನುವಾರ ರಾತ್ರಿ ಪಾಪು ನಿದ್ದೆ ಮಾಡಲಿಲ್ಲ, ಮೂರು ಸೋಮವಾರ ನಾನು ಏಳಲಾಗಲಿಲ್ಲ. ವಿಜ್ಞಾನ ಅಂದರೆ ಪ್ರಾಣ ಬಿಡುತ್ತಿದ್ದ ನನ್ನ ದೊಡ್ಡ ಮಗ ಏನೂ ಹೇಳದೆ ಆ ಪಟ್ಟಿಯನ್ನೇ ನೋಡುತ್ತಾ ನಿಂತಿದ್ದ. ಅವತ್ತು ಅದನ್ನು ತೆಗೆದುಹಾಕಿದೆ. ಒಂದೊಂದು ವಿಷಯವನ್ನು ಒಂದೊಂದು ಚೀಟಿಯಲ್ಲಿ ಬರೆದು, ತೂತು ಮಾಡಿ, ದಾರಕ್ಕೆ ಪೋಣಿಸಿ ಗೋಡೆಗೆ ನೇತುಹಾಕಿದೆ. ಮೇಲಿನ ಚೀಟಿಯಲ್ಲಿ ಏನಿದೆಯೋ ಅದೇ ಇವತ್ತಿನ ಪಾಠ. ಪಾಠ ಆದರೆ ಚೀಟಿ ಹಿಂದಕ್ಕೆ ಹೋಗುತ್ತದೆ. ಆಗದಿದ್ದರೆ ಅಲ್ಲೇ ಇರುತ್ತದೆ, ನಾಳೆ ಅದೇ ಮೊದಲು. ವಾರ ಯಾವುದು, ದಿನ ಯಾವುದು ಎಂಬ ಗೊಡವೆಯೇ ಇಲ್ಲ. ಯಾವ ವಿಷಯವೂ ತಪ್ಪಿಹೋಗುವುದಿಲ್ಲ. ಓದು ಮತ್ತು ಲೆಕ್ಕ ಮಾತ್ರ ದಿನಾ ಸ್ವಲ್ಪ ಇರಲಿ, ಉಳಿದದ್ದೆಲ್ಲ ದಾರದ ಮೇಲೆ. ಒಬ್ಬರೇ ಕೂತು ಒಂದು ಮಗುವಿಗೆ ಹೇಳಿಕೊಡುವಾಗ ಚಿಕ್ಕ ವಯಸ್ಸಿನವರಿಗೆ ದಿನಕ್ಕೆ ಒಂದೆರಡು ಗಂಟೆ ಧಾರಾಳ. ಶಾಲೆಯ ಗಂಟೆಗಳ ಜೊತೆ ಹೋಲಿಸಿ ಸುಮ್ನೆ ಕೊರಗಬೇಡಿ.

ಮನೆಪಾಠದ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಥರ. ನೀವಿರುವ ಕಡೆ ಹಾಜರಿ, ವರದಿ ಏನಾದರೂ ಕೊಡಬೇಕಿದ್ದರೆ 37ನೇ ವಾರದೊಳಗೆ ಮುಗಿಸಿ ಇಡಿ. ವೈದ್ಯರು ಹೇಳಿದ ತಾರೀಖಿಗೇ ಹುಟ್ಟುವ ಮಕ್ಕಳು ಇಪ್ಪತ್ತರಲ್ಲಿ ಒಂದೋ ಏನೋ.

ಹೊಟ್ಟೆಯಲ್ಲಿರುವ ಪಾಪುವನ್ನು ಪಾಠಕ್ಕೆ ಅಡ್ಡಿ ಎಂದುಕೊಳ್ಳಬೇಡಿ. ಅಷ್ಟು ಒಳ್ಳೆಯ ವಿಜ್ಞಾನದ ಪಾಠ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಆರನೇ ತಿಂಗಳ ಹೊತ್ತಿಗೆ ಪಾಪುವಿಗೆ ಹೊರಗಿನ ಸದ್ದು ಕೇಳಿಸತೊಡಗುತ್ತದೆ. ದೊಡ್ಡ ಮಗು ನಿಮ್ಮ ಪಕ್ಕ ಕೂತು ಗಟ್ಟಿಯಾಗಿ ಓದಲಿ. ತಡವರಿಸಿ ಓದುವ ಮಗು ಕೂಡ "ನಿನ್ನ ತಂಗಿಗೆ ಕೇಳಿಸಲಿ" ಅಂದರೆ ಇನ್ನೊಂದು ಪುಟ ಓದುತ್ತದೆ. ಪಾಪುವಿನ ಎದೆಬಡಿತ ನಿಮಿಷಕ್ಕೆ 110ರಿಂದ 160. ಮಕ್ಕಳು ತಮ್ಮ ನಾಡಿ ಎಣಿಸಲಿ, ಓಡಿ ಬಂದು ಮತ್ತೆ ಎಣಿಸಲಿ, ಪಾಪುವಿನ ಲೆಕ್ಕದ ಜೊತೆ ಇಟ್ಟು ನೋಡಲಿ. ಹುಟ್ಟಿದ ಮೇಲೆ ಮೊದಲ ಕೆಲವು ದಿನ ಮಗುವಿನ ತೂಕ ಸ್ವಲ್ಪ ಇಳಿಯುತ್ತದೆ. ಸಾಮಾನ್ಯವಾಗಿ ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬರುತ್ತದೆ. ಇದನ್ನು ಮೊದಲೇ ಹೇಳಿಟ್ಟು, ಚೌಕಳಿ ಹಾಳೆಯ ಮೇಲೆ ಗೆರೆ ಎಳೆಯುವ ಕೆಲಸ ದೊಡ್ಡ ಮಗುವಿಗೆ ಕೊಡಿ. ಗೆರೆ ಇಳಿದಾಗ ಹೆದರುವುದಿಲ್ಲ, ಏರಿದಾಗ ಅದರ ಮುಖ ನೋಡಬೇಕು ನೀವು. ನನಗೆ ಇನ್ನೂ ನೆನಪಿದೆ, ಹೊಸ ಮಗುವಿಗೆ 20ರಿಂದ 30 ಸೆಂಟಿಮೀಟರ್ ದೂರದ್ದು ಚೆನ್ನಾಗಿ ಕಾಣುತ್ತದೆ ಎಂದು ಹೇಳಿದ್ದಕ್ಕೆ, ಎರಡನೆಯವಳು ಅಳತೆಪಟ್ಟಿ ತಂದು ತನ್ನ ಮೂಗಿನಿಂದ ಪಾಪುವಿನ ಮೂಗಿಗೆ ಅಳೆದು ಆಮೇಲೆ ನಕ್ಕಿದ್ದಳು.

ಮನೆಪಾಠದ ಮನೆಯಲ್ಲಿ ಚಿಕ್ಕಪುಟ್ಟ ವಸ್ತು ಜಾಸ್ತಿ, ಅಲ್ವಾ? ಎಣಿಸುವ ಮಣಿ, ಆಯಸ್ಕಾಂತ, ಗುಂಡಿ ಬ್ಯಾಟರಿ. ಪುಟ್ಟ ಆಯಸ್ಕಾಂತ ಮತ್ತು ಗುಂಡಿ ಬ್ಯಾಟರಿ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ. ಪಾಪು ಕೈಗೆ ಸಿಕ್ಕಿದ್ದನ್ನು ಹಿಡಿಯಲು ನಾಲ್ಕು ತಿಂಗಳಾಗಬಹುದು. ಆದರೆ ಆಗ ನಿಮಗೆ ಕಪಾಟು ಜೋಡಿಸಲು ಪುರುಸೊತ್ತು ಇರುವುದಿಲ್ಲ. ಈಗಲೇ ಮುಚ್ಚಳವಿರುವ ಡಬ್ಬಿಗೆ ಹಾಕಿ ಮೇಲಿನ ಸಾಲಿಗೆ ಏರಿಸಿ. ನೀವು ಏರಿಸಬೇಡಿ, ಮನೆಯವರಿಗೆ ಹೇಳಿ. ಇನ್ನೊಂದು ಮಾತು. ಅಣ್ಣನಾಗುವವನು ತನ್ನ ಇಷ್ಟದ ಬೊಂಬೆ ತಂದು ಪಾಪುವಿನ ಪಕ್ಕ ಇಡುತ್ತಾನೆ. ಅದು ಪ್ರೀತಿ. ಆದರೆ ಪಾಪು ಮಲಗುವ ಜಾಗದಲ್ಲಿ ಬೊಂಬೆ, ದಿಂಬು, ದಪ್ಪ ಹೊದಿಕೆ ಯಾವುದೂ ಇರಬಾರದು. ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕು. ಬೊಂಬೆಗೆ ಎದುರಿಗೆ ಒಂದು ಜಾಗ ಗೊತ್ತು ಮಾಡಿಕೊಡಿ, "ಅಲ್ಲಿಂದ ಪಾಪುವನ್ನು ಕಾಯಲಿ" ಎನ್ನಿ. ಆಗ ಅವನ ಮನಸ್ಸೂ ಮುರಿಯುವುದಿಲ್ಲ.

ಲಸಿಕೆ ಹಾಕಿಸಲು ಶಾಲೆಯಿಂದ ನೆನಪಿಸುವವರು ನಮಗಿಲ್ಲ. ಹಾಗಾಗಿ ದೊಡ್ಡ ಮಕ್ಕಳ ಲಸಿಕೆ ಪುಸ್ತಕ ತೆಗೆದು ಒಮ್ಮೆ ನೋಡಿ. ನಾಯಿಕೆಮ್ಮು ಎಳೆ ಮಗುವಿಗೆ ತುಂಬಾ ಅಪಾಯದ ಕಾಯಿಲೆ. ಅದರ ಮೊದಲ ಲಸಿಕೆಗೆ ಮಗುವಿಗೆ ಕನಿಷ್ಠ ಆರು ವಾರವಾದರೂ ಆಗಿರಬೇಕು. ಬಸುರಿಯಲ್ಲಿ ನೀವು ಅದರ ಲಸಿಕೆ ತೆಗೆದುಕೊಳ್ಳುವ ಬಗ್ಗೆಯೂ ವೈದ್ಯರನ್ನು ಕೇಳಿ.

ಎರಡು ಮೂರು ವರ್ಷದ ನಡುವಿನ ಮಗು ಇದ್ದರೆ ಹೆಚ್ಚು ಗಮನ ಅದಕ್ಕೆ ಬೇಕು. ದೊಡ್ಡವರಿಗೆ ಹೇಳಿದರೆ ಅರ್ಥವಾಗುತ್ತದೆ, ಇದಕ್ಕೆ ಆಗುವುದಿಲ್ಲ. ಪಾಪು ಬಂದ ಮೇಲೆ ಮತ್ತೆ ಚಡ್ಡಿ ಒದ್ದೆ ಮಾಡಿಕೊಳ್ಳುತ್ತದೆ, ತೊದಲುತ್ತದೆ, ಎತ್ತಿಕೋ ಎನ್ನುತ್ತದೆ. ದಯವಿಟ್ಟು ಗದರಬೇಡಿ. ಬೇಕೆಂದು ಮಾಡುವುದಲ್ಲ ಅದು. ದಿನದ ಮೊದಲ ಹದಿನೈದು ನಿಮಿಷ ಆ ಮಗುವಿಗೇ ಕೊಡಿ, ದೊಡ್ಡವರ ಪಾಠ ಆಮೇಲೆ. ಅದರ ಹೊಟ್ಟೆ ತುಂಬಿದಂತೆ ಮನಸ್ಸೂ ತುಂಬಿದರೆ ಬೆಳಗ್ಗೆ ಪೂರ್ತಿ ಶಾಂತವಾಗಿರುತ್ತದೆ. ಹಾಲು ಕುಡಿಸುವ ಜಾಗದ ಪಕ್ಕ ಒಂದು ಬುಟ್ಟಿ ಇಡಿ. ನೀರು, ಒರೆಸುವ ಬಟ್ಟೆ, ಎರಡು ಚಿತ್ರದ ಪುಸ್ತಕ, ಎಲ್ಲರಿಗೂ ಹಿಡಿಸುವ ಒಂದು ದಪ್ಪ ಕತೆ ಪುಸ್ತಕ. ಪಾಪು ಹಾಲಿಗೆ ಬಂದಾಗ ಉಳಿದವರೂ ಕತೆಗೆ ಬರಲಿ. ಹಾಲು ಕುಡಿಸುವ ಹೊತ್ತು ಅಂದರೆ ಅಮ್ಮ ನಮ್ಮಿಂದ ದೂರ ಹೋಗುವ ಹೊತ್ತು ಎಂದು ಯಾವ ಮಗುವಿಗೂ ಅನ್ನಿಸಬಾರದು. ನಮ್ಮ ಮನೆಯಲ್ಲಿ ಅತಿ ಹೆಚ್ಚು ಪುಸ್ತಕ ಓದಿದ್ದು ಆ ತಿಂಗಳುಗಳಲ್ಲೇ.

ಹೆರಿಗೆಯಾದ ಮೇಲೆ ಆರು ವಾರ ಪಾಠ ಬಂದ್ ಮಾಡಿ. ನಮ್ಮ ರಜೆ ನಮ್ಮ ಕೈಯಲ್ಲಿದೆ, ಬೇರೆಯವರ ಬೇಸಿಗೆ ರಜೆಗೆ ಕಾಯಬೇಕಿಲ್ಲ. ಡಬ್ಬಿ ಇದೆ, ಕತೆ ಇದೆ, ಅಷ್ಟು ಸಾಕು. ರಾತ್ರಿಯ ಲೆಕ್ಕದ ಪಾಠವನ್ನು ಅಪ್ಪ ಹಿಡಿದುಕೊಳ್ಳಲಿ. ಅವರು ಹೇಳಿಕೊಡುವ ರೀತಿ ಬೇರೆ ಇದ್ದರೆ ಇರಲಿ, ನಡುವೆ ಹೋಗಿ ತಿದ್ದಬೇಡಿ. ಮೊದಲ ಎರಡು ವಾರ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿಯೂ ಅಳು ನಿಲ್ಲದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲ ಅನ್ನಿಸಿದರೆ, ತಡಮಾಡದೆ ವೈದ್ಯರಿಗೆ ಹೇಳಿ. ನನ್ನ ಎರಡನೇ ಹೆರಿಗೆಯಲ್ಲಿ ನಾನು ಹೇಳಿಕೊಳ್ಳಲಿಲ್ಲ. ಒಬ್ಬಳೇ ನುಂಗಿಕೊಂಡೆ. ನೀವು ಹಾಗೆ ಮಾಡಬೇಡಿ.

ಏಳನೇ ವಾರ ಎಲ್ಲವನ್ನೂ ಒಟ್ಟಿಗೆ ಎಳೆದುಕೊಳ್ಳಬೇಡಿ. ಆ ವಾರ ಓದು ಮಾತ್ರ, ಮುಂದಿನ ವಾರ ಲೆಕ್ಕ, ಆಮೇಲೆ ದಾರದ ಚೀಟಿ. ಮೊದಲ ಚೀಟಿ ತೆಗೆಯುವುದನ್ನು ಪಾಪುವಿಗಿಂತ ಸ್ವಲ್ಪ ದೊಡ್ಡದಿರುವ ಆ ಮಗುವಿಗೇ ಬಿಡಿ.