ಗೀಸರಿನ ಥರ್ಮೋಸ್ಟಾಟ್ ಬದಲಿಸುವ ಕೆಲಸ

ಗೀಸರ್ ಕೆಟ್ಟಿತೆಂದರೆ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು ‘ಕಾಯಿಲ್ ಹೋಗಿರಬೇಕು’ ಎಂಬುದು, ಎರಡನೆಯದು ‘ಥರ್ಮೋಸ್ಟಾಟ್ ಹೋಗಿರಬೇಕು’ ಎಂಬುದು. ಎರಡೂ ಊಹೆಗಳೇ. ಥರ್ಮೋಸ್ಟಾಟ್ ಬದಲಿಸುವುದು ನಿಜಕ್ಕೂ ಹದಿನೈದು ನಿಮಿಷದ ಕೆಲಸ. ಆದರೆ ಗೀಸರಿನೊಳಗೆ ವಿದ್ಯುತ್ ಇಲ್ಲವೆಂದು ಖಚಿತಪಡಿಸಿಕೊಳ್ಳುವುದಕ್ಕೆ, ಆಮೇಲೆ ಕೆಟ್ಟಿರುವುದು ಥರ್ಮೋಸ್ಟಾಟೇ ಹೌದೆಂದು ತಿಳಿದುಕೊಳ್ಳುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಹಿಡಿಯಲೂ ಬೇಕು. ಇಲ್ಲಿ ಹೇಳಿರುವುದು ಬಚ್ಚಲುಮನೆಯ ಗೋಡೆಗೆ ತೂಗುಹಾಕಿದ, 6ರಿಂದ 25 ಲೀಟರಿನ ಸಾಮಾನ್ಯ ಸ್ಟೋರೇಜ್ ಗೀಸರಿಗೆ ಅನ್ವಯಿಸುತ್ತದೆ. ಗ್ಯಾಸ್ ಗೀಸರಿಗೂ, ಡಿಜಿಟಲ್ ಫಲಕವಿರುವ ಮಾದರಿಗಳಿಗೂ, ಈಚೆಗೆ ಕೆಲವು ಅಪಾರ್ಟ್‌ಮೆಂಟುಗಳಿಗೆ ಬಂದಿರುವ ಹೀಟ್ ಪಂಪುಗಳಿಗೂ ಒಳಗಿನ ರಚನೆ ಬೇರೆಯಾದ್ದರಿಂದ ಈ ವಿಧಾನ ಒಗ್ಗುವುದಿಲ್ಲ. ವಾರಂಟಿ ಇನ್ನೂ ಮುಗಿದಿಲ್ಲವಾದರೆ ಯಾವ ಗೀಸರಿನ ಮುಚ್ಚಳವನ್ನೂ ನೀವಾಗಿ ಬಿಚ್ಚದಿರುವುದು ಲೇಸು.

ಥರ್ಮೋಸ್ಟಾಟ್ ಏನು ಮಾಡುತ್ತದೆ ಎಂಬುದು ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಹೆಚ್ಚಿನ ಗೀಸರುಗಳಲ್ಲಿ ಇರುವುದು ಕಡ್ಡಿಯಂಥ ಥರ್ಮೋಸ್ಟಾಟ್: ಪ್ಲಾಸ್ಟಿಕ್ ತಲೆ, ಅದಕ್ಕೆ ಪೆನ್ಸಿಲಿಗಿಂತ ತೆಳುವಾದ ಉದ್ದನೆಯ ಹಿತ್ತಾಳೆಯ ಕೊಳವೆ, ಕೊಳವೆಯೊಳಗೆ ಇನ್ವಾರ್ ಎಂಬ ಕಬ್ಬಿಣ-ನಿಕ್ಕಲ್ ಮಿಶ್ರಲೋಹದ ಸಣ್ಣ ಸರಳು. ಬಿಸಿಯಾದಾಗ ಹಿತ್ತಾಳೆ ಹಿಗ್ಗುತ್ತದೆ, ಇನ್ವಾರ್ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಈ ವ್ಯತ್ಯಾಸದಿಂದ ಸರಳು ಒಳಕ್ಕೆ ಸರಿದು ತಲೆಯಲ್ಲಿರುವ ಸಂಪರ್ಕವನ್ನು ‘ಟಿಕ್’ ಎಂದು ಬಿಡಿಸಿ ಕಾಯಿಲ್‌ಗೆ ಹೋಗುವ ಕರೆಂಟನ್ನು ನಿಲ್ಲಿಸುತ್ತದೆ. (ಇನ್ವಾರನ್ನು 1896ರಲ್ಲಿ ಕಂಡುಹಿಡಿದ ಶಾರ್ಲ್ ಎದ್ವಾರ್ ಗಿಯೋಮ್ ಅವರಿಗೆ 1920ರ ಭೌತಶಾಸ್ತ್ರದ ನೊಬೆಲ್ ಬಂದಿತ್ತು, ಬಚ್ಚಲುಮನೆಯಲ್ಲಿ ನೊಬೆಲ್ ಪಡೆದ ಲೋಹವೊಂದು ಕುಳಿತಿದೆ ಎಂದು ನಮಗೆ ಸಾಮಾನ್ಯವಾಗಿ ಹೊಳೆಯುವುದಿಲ್ಲ.) ಇನ್ನು ಕೆಲವು ಮಾದರಿಗಳಲ್ಲಿ ಕಡ್ಡಿಯ ಬದಲು ಕೂದಲೆಳೆಯಂಥ ತಾಮ್ರದ ನಳಿಕೆ ಮತ್ತು ಅದರ ತುದಿಯಲ್ಲಿ ದ್ರವ ತುಂಬಿದ ಸಣ್ಣ ಬುರುಡೆ ಇರುತ್ತದೆ. ಇದಲ್ಲದೆ ಥರ್ಮೋಸ್ಟಾಟ್ ಕೈಕೊಟ್ಟು ನೀರು ಮಿತಿಮೀರಿ ಕಾದಾಗ ಕರೆಂಟನ್ನು ಕಡಿಯುವ ಥರ್ಮಲ್ ಕಟ್‌ಔಟ್ ಎಂಬ ಎರಡನೆಯ ಕಾವಲುಗಾರ ಇರುತ್ತದೆ. ಇದು ಪ್ರತ್ಯೇಕ ಭಾಗವಾಗಿರಬಹುದು, ಥರ್ಮೋಸ್ಟಾಟಿನ ತಲೆಯಲ್ಲೇ ಸೇರಿರಬಹುದು. ನಡುವೆ ಒತ್ತುವ ಸಣ್ಣ ಗುಂಡಿಯಿದ್ದರೆ ಅದೇ ಕಟ್‌ಔಟಿನ ರೀಸೆಟ್.

ಮುಚ್ಚಳ ಬಿಚ್ಚುವ ಮೊದಲು ಗೀಸರಿನ ದೀಪಗಳನ್ನು ನೋಡಿ. ಬಹುತೇಕ ಮಾದರಿಗಳಲ್ಲಿ ಕಾಯುತ್ತಿರುವುದನ್ನು ಸೂಚಿಸುವ ದೀಪವು ಕಾಯಿಲ್‌ಗೆ ಸಮಾನಾಂತರವಾಗಿ ಜೋಡಣೆಯಾಗಿರುತ್ತದೆ. ನೀರು ತಣ್ಣಗಿದ್ದು, ಈ ದೀಪ ಉರಿಯುತ್ತಿದ್ದರೆ ಥರ್ಮೋಸ್ಟಾಟ್ ಕರೆಂಟನ್ನು ಮುಂದಕ್ಕೆ ಕಳಿಸುತ್ತಿದೆ ಎಂದೇ ಅರ್ಥ. ಕೆಟ್ಟಿರುವುದು ಕಾಯಿಲ್, ಇಲ್ಲವೇ ಕಾಯಿಲ್‌ಗೆ ಹೋಗುವ ತಂತಿ. ಪವರ್ ದೀಪ ಮಾತ್ರ ಉರಿದು ಕಾಯುವ ದೀಪ ಉರಿಯದಿದ್ದರೆ ಅನುಮಾನ ಥರ್ಮೋಸ್ಟಾಟ್ ಅಥವಾ ಕಟ್‌ಔಟ್ ಮೇಲೆ ಬೀಳುತ್ತದೆ. ನಲ್ಲಿಯಲ್ಲಿ ಹಬೆ ಬರುವಷ್ಟು ನೀರು ಕಾದು, ದೀಪ ಆರುವುದೇ ಇಲ್ಲವಾದರೆ ಥರ್ಮೋಸ್ಟಾಟಿನ ಸಂಪರ್ಕಗಳು ಕಿಡಿಹಾರಿ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಇದು ಎಲ್ಲಕ್ಕಿಂತ ಅಪಾಯದ ಸ್ಥಿತಿ. ಅಂಥ ಗೀಸರನ್ನು ‘ಇವತ್ತೊಂದು ದಿನ’ ಎಂದು ಬಳಸಕೂಡದು. ಸ್ವಿಚ್ ಹಾಕಿದ ಕೂಡಲೇ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನಾಗಿ ಕಡಿಯುವ ಸ್ವಿಚ್) ಅಥವಾ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಬಿದ್ದುಹೋಗುತ್ತಿದ್ದರೆ ಕಾಯಿಲ್ ಒಡೆದು ನೀರಿಗೆ ಕರೆಂಟ್ ಸೋರುತ್ತಿರುವ ಸಾಧ್ಯತೆಯೇ ಹೆಚ್ಚು, ಥರ್ಮೋಸ್ಟಾಟ್ ಬದಲಿಸಿ ಏನೂ ಪ್ರಯೋಜನವಿಲ್ಲ.

ಇನ್ನು ವಿದ್ಯುತ್ ಕಡಿಯುವ ವಿಷಯ. ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಬಚ್ಚಲುಮನೆಯ ಹೊರಗಿನ ಸ್ವಿಚ್ ಆರಿಸಿದರೆ ಸಾಕೆಂದು ತಿಳಿಯಬೇಡಿ. ಹೊಸ ಮನೆಗಳಲ್ಲಿ ಫೇಸ್ (ಕರೆಂಟ್ ಬರುವ ತಂತಿ) ಮತ್ತು ನ್ಯೂಟ್ರಲ್ (ಅದು ಮರಳುವ ತಂತಿ) ಎರಡನ್ನೂ ಕಡಿಯುವ ಡಿಪಿ ಸ್ವಿಚ್ ಇರುತ್ತದೆ, ನಿಜ. ಆದರೆ ಹಳೆಯ ಮನೆಗಳಲ್ಲಿ ಒಂದೇ ತಂತಿಯನ್ನು ಕಡಿಯುವ ಸ್ವಿಚ್ ಇರುವುದುಂಟು, ಅದನ್ನೂ ತಪ್ಪಿ ನ್ಯೂಟ್ರಲ್ ಮೇಲೆ ಕೂರಿಸಿರುವುದುಂಟು. ಹಾಗಿದ್ದಾಗ ಸ್ವಿಚ್ ಆರಿಸಿದ ಮೇಲೂ ಗೀಸರಿನೊಳಗಿನ ಫೇಸ್ ಜೀವಂತವಾಗಿಯೇ ಇರುತ್ತದೆ. ಆದ್ದರಿಂದ ಸ್ವಿಚ್ ಆರಿಸಿ, ಪ್ಲಗ್ ಇದ್ದರೆ ಕಿತ್ತುಹಾಕಿ, ಮನೆಯ ಎಂಸಿಬಿಗಳೆಲ್ಲ ಇರುವ ಡಿಬಿ ಬಾಕ್ಸಿನಲ್ಲಿ ಗೀಸರಿನ ಎಂಸಿಬಿಯನ್ನೂ ಕೆಳಕ್ಕಿಳಿಸಿ, ಯಾರೂ ಮೇಲೆತ್ತದಂತೆ ಅದರ ಮೇಲೊಂದು ಟೇಪ್ ಅಂಟಿಸಿ. ‘ಹೇಗೂ ಕರೆಂಟ್ ಹೋಗಿದೆಯಲ್ಲ’ ಎಂದು ಬೆಸ್ಕಾಂ ವಿದ್ಯುತ್ ಕಡಿತದ ಹೊತ್ತಿನಲ್ಲಿ ಕೆಲಸಕ್ಕೆ ಕೈಹಾಕುವವರಿದ್ದಾರೆ. ಅಪಾರ್ಟ್‌ಮೆಂಟಿನ ಜನರೇಟರ್ ಯಾವ ಕ್ಷಣದಲ್ಲಿ ಶುರುವಾಗುತ್ತದೆಂದು ಅದು ಮೊದಲೇ ಹೇಳಿ ಬರುವುದಿಲ್ಲ.

ಕಡಿದ ಮೇಲೆ ಪರೀಕ್ಷಿಸಬೇಕು. ಜೇಬಿನ ನಿಯಾನ್ ಟೆಸ್ಟರ್ ಒಂದನ್ನೇ ನಂಬಿ ಕೂರಬಾರದು. ಅದರ ದೀಪ ಹಗಲಿನ ಬೆಳಕಿನಲ್ಲಿ ಕಾಣದೆಯೂ ಹೋಗಬಹುದು. ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಮೊದಲು ಕರೆಂಟ್ ಇರುವ ಬೇರೊಂದು ಸಾಕೆಟ್ಟಿನಲ್ಲಿ 230ರ ಆಸುಪಾಸು ತೋರಿಸುತ್ತದೆಯೇ ನೋಡಿ, ಅನಂತರ ಮುಂದೆ ಹೇಳಿರುವಂತೆ ಮುಚ್ಚಳ ತೆಗೆದು ಗೀಸರಿನ ತಂತಿಗಳ ಮೇಲೆ ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಮೂರನ್ನೂ ಅಳೆದು ಸೊನ್ನೆಯೆಂದು ಕಂಡುಕೊಳ್ಳಿ, ಕೊನೆಗೆ ಮತ್ತೆ ಅದೇ ಸಾಕೆಟ್ಟಿಗೆ ಹೋಗಿ ಮೀಟರ್ ಇನ್ನೂ ಸರಿಯಾಗಿದೆಯೇ ನೋಡಿ. ನೆಲ ಒಣಗಿರಲಿ, ಕಾಲಿಗೆ ರಬ್ಬರ್ ಚಪ್ಪಲಿ ಇರಲಿ, ಅಲುಗಾಡದ ಸ್ಟೂಲ್ ಇರಲಿ. ಬಿಸಿನೀರಿನ ನಲ್ಲಿಯನ್ನು ತಣ್ಣೀರು ಬರುವವರೆಗೂ ಬಿಟ್ಟರೆ ಟ್ಯಾಂಕೂ ತಣಿಯುತ್ತದೆ.

ಲಂಬವಾಗಿ ತೂಗುಹಾಕಿದ ಗೀಸರಿನಲ್ಲಿ ಮುಚ್ಚಳವಿರುವುದು ತಳದಲ್ಲಿ. ಸ್ಕ್ರೂಗಳನ್ನು ಬಿಚ್ಚಿ ಮುಚ್ಚಳವನ್ನು ಮೆಲ್ಲಗೆ ಕೆಳಕ್ಕಿಳಿಸಿ, ದೀಪಗಳ ತಂತಿಗಳು ಅದಕ್ಕೇ ಅಂಟಿಕೊಂಡಿರಬಹುದು. ಏನನ್ನೂ ಮುಟ್ಟುವ ಮೊದಲು ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆದುಕೊಳ್ಳಿ. ಹಳೆಯ ವೈರಿಂಗಿನಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್; ಗೀಸರಿನ ಜೊತೆಗೆ ಬಂದ ಕೇಬಲ್ಲಿನಲ್ಲಿ ಕಂದು, ನೀಲಿ, ಹಸಿರು-ಹಳದಿ. ಆದರೂ ಬಣ್ಣಕ್ಕಿಂತ ಫೋಟೋ ಹೆಚ್ಚು ನಂಬಿಕೆಗೆ ಯೋಗ್ಯ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಗೀಸರಿನ ಮುಚ್ಚಳ ತೆಗೆದಾಗ ಕಟ್‌ಔಟಿನ ಎರಡೂ ಲಗ್‌ಗಳನ್ನು (ತಂತಿಯ ತುದಿಯ ಲೋಹದ ಕ್ಲಿಪ್ಪುಗಳನ್ನು) ಕಿತ್ತು, ಅವುಗಳನ್ನೇ ಒಂದು ಬೆರಳುದ್ದದ ತಂತಿಯಿಂದ ಸೇರಿಸಿ ಕಪ್ಪು ಟೇಪ್ ಸುತ್ತಿದ್ದು ಕಂಡಿತು. ಟೇಪ್ ಬಿಸಿಗೆ ಕರಗಿ ಬೆಲ್ಲದ ಪಾಕದಂತೆ ಅಂಟುತ್ತಿತ್ತು. ಹಿಂದಿನ ಸಲ ಬಂದಿದ್ದ ಮೆಕ್ಯಾನಿಕ್ ‘ಸರಿಮಾಡಿದ್ದು’ ಅಷ್ಟೇ. ಅಂದರೆ ಒಂದೂವರೆ ವರ್ಷ ನಾವು ಎರಡನೆಯ ಕಾವಲುಗಾರನಿಲ್ಲದೆಯೇ ಸ್ನಾನ ಮಾಡಿದ್ದೆವು. ನಿಮ್ಮ ಗೀಸರಿನಲ್ಲೂ ಹೀಗೇನಾದರೂ ಕಂಡರೆ ಥರ್ಮೋಸ್ಟಾಟಿನ ಜೊತೆ ಕಟ್‌ಔಟನ್ನೂ ಹೊಸದಾಗಿ ಹಾಕಿ.

ಈಗ ಅಳತೆ. ಮೀಟರನ್ನು ಓಮ್‌ಗೆ ತಿರುಗಿಸಿ, ಕಾಯಿಲ್‌ನ ಒಂದು ತಂತಿಯನ್ನು ಬಿಡಿಸಿ, ಅದರ ಎರಡು ಟರ್ಮಿನಲ್‌ಗಳ ನಡುವೆ ಅಳೆಯಿರಿ. 2000 ವಾಟಿನ ಕಾಯಿಲ್ 26 ಓಮ್‌ನ ಆಸುಪಾಸು ತೋರಿಸಬೇಕು, 3000 ವಾಟಿನದು 18ರ ಆಸುಪಾಸು. ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ. ಕಾಯಿಲ್‌ನ ಟರ್ಮಿನಲ್ ಮತ್ತು ಟ್ಯಾಂಕಿನ ಲೋಹದ ನಡುವೆ ಮೀಟರಿನ ಅತಿ ದೊಡ್ಡ ರೇಂಜಿನಲ್ಲೂ ಸಂಪರ್ಕ ಕಾಣಬಾರದು; ಕಂಡರೆ ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್ನನ್ನು ಕರೆಸಿ. ಬಳಿಕ ಕಟ್‌ಔಟಿನ ರೀಸೆಟ್ ಗುಂಡಿಯನ್ನು ಒತ್ತಿ ನೋಡಿ. ಅದು ‘ಟಿಕ್’ ಎಂದು ಕೂತರೆ ಹಿಂದೆಂದೋ ನೀರು ಮಿತಿಮೀರಿ ಕಾದಿತ್ತೆಂದು ತಿಳಿಯಬೇಕು, ಅದಕ್ಕೆ ಕಾರಣವೂ ಹೆಚ್ಚಾಗಿ ಈ ಥರ್ಮೋಸ್ಟಾಟೇ. ಕೊನೆಯಲ್ಲಿ ಥರ್ಮೋಸ್ಟಾಟಿನ ಎರಡು ಟರ್ಮಿನಲ್‌ಗಳ ನಡುವೆ ಅಳೆಯಿರಿ: ತಣ್ಣಗಿರುವಾಗ ಸೊನ್ನೆಗೆ ಹತ್ತಿರ ಇರಬೇಕು.

ಕಡ್ಡಿಯು ನೀರಿಗೆ ನೇರವಾಗಿ ತಾಗುವುದಿಲ್ಲ. ಕಾಯಿಲ್‌ನ ತಟ್ಟೆಗೆ ಬೆಸೆದಿರುವ, ತುದಿ ಮುಚ್ಚಿದ ಒಣ ಕೊಳವೆಯೊಳಗೆ ಕೂತಿರುತ್ತದೆ. ಹೀಗಾಗಿ ಟ್ಯಾಂಕ್ ಖಾಲಿ ಮಾಡುವ ಪ್ರಮೇಯವೇ ಇಲ್ಲ. ಲಗ್‌ಗಳನ್ನು ತಂತಿ ಹಿಡಿದು ಎಳೆಯದೆ ಇಕ್ಕಳದಿಂದ ಲಗ್ ಹಿಡಿದೇ ಬಿಡಿಸಿ, ತಲೆಯನ್ನು ನೇರವಾಗಿ ಎಳೆದರೆ ಕಡ್ಡಿ ಈಚೆಗೆ ಬರುತ್ತದೆ. ಕಡ್ಡಿ ಒದ್ದೆಯಾಗಿ ಬಂದರೆ, ಇಲ್ಲವೇ ಅದರ ಮೇಲೆ ಹಸಿರುಗಟ್ಟಿದ್ದರೆ ಕೊಳವೆ ತೂತಾಗಿದೆ ಎಂದರ್ಥ; ಆಗ ಬೇಕಾಗಿರುವುದು ಹೊಸ ಕಾಯಿಲ್.

ಕೈಗೆ ಬಂದ ಥರ್ಮೋಸ್ಟಾಟನ್ನು ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಒಂದು ಲೋಟ ಕುದಿಯುವ ನೀರಿಗೆ ಒಂದು ಲೋಟ ನಲ್ಲಿಯ ನೀರು ಬೆರೆಸಿದರೆ 60 ಡಿಗ್ರಿಗೆ ಹತ್ತಿರದ ನೀರು ಸಿಗುತ್ತದೆ, ಥರ್ಮಾಮೀಟರ್ ಬೇಕಾಗುವುದಿಲ್ಲ. ಎತ್ತರದ ಪಾತ್ರೆಯಲ್ಲಿ ಆ ನೀರು ಹಾಕಿ, ಡಯಲನ್ನು ಅತಿ ಕಡಿಮೆಗೆ ತಿರುಗಿಸಿ, ತಲೆ ನೆನೆಯದಂತೆ ಕಡ್ಡಿಯನ್ನಷ್ಟೇ ಮುಳುಗಿಸಿ. ಸರಿಯಿರುವ ಥರ್ಮೋಸ್ಟಾಟ್ ಸ್ವಲ್ಪ ಹೊತ್ತಿನಲ್ಲೇ ‘ಟಿಕ್’ ಎಂದು ಬಿಡಿಸಿಕೊಳ್ಳುತ್ತದೆ, ತಣ್ಣೀರಿಗೆ ಅದ್ದಿದಾಗ ಮತ್ತೆ ಕೂಡಿಕೊಳ್ಳುತ್ತದೆ, ಮೀಟರೂ ಅದನ್ನೇ ಹೇಳುತ್ತದೆ. ಬಿಡಿಸಿಕೊಳ್ಳದಿದ್ದರೆ ಅಥವಾ ತಣ್ಣಗಾದ ಮೇಲೂ ಕೂಡದಿದ್ದರೆ ಅದನ್ನು ಬದಲಿಸಲೇಬೇಕು. ಎಲ್ಲ ಸರಿಯಿದ್ದೂ ಲಗ್ ಕೂರುವ ಜಾಗ ಸುಟ್ಟು ಕಪ್ಪಾಗಿದ್ದರೆ ಆಗಲೂ ಬದಲಿಸಿ, ಜೊತೆಗೆ ಆ ಲಗ್ಗನ್ನೂ. 2000 ವಾಟಿನ ಗೀಸರ್ ಎಳೆಯುವ ಕರೆಂಟ್ ಸುಮಾರು 8.7 ಆಂಪಿಯರ್, ಸಡಿಲವಾದ ಲಗ್ಗಿನಲ್ಲಿ ಅಷ್ಟು ಕರೆಂಟ್ ಹರಿದರೆ ಹೊಸ ಥರ್ಮೋಸ್ಟಾಟೂ ಬೇಗನೆ ಸುಟ್ಟುಹೋಗುತ್ತದೆ.

ಅಂಗಡಿಗೆ ಹಳೆಯದನ್ನೇ ತೆಗೆದುಕೊಂಡು ಹೋಗಿ, ಗೀಸರಿನ ಮೈಮೇಲಿನ ಫಲಕದ ಫೋಟೋವನ್ನೂ ಇಟ್ಟುಕೊಳ್ಳಿ. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ, ಎಸ್.ಪಿ. ರೋಡಿನಲ್ಲಿ ಅಲೆದರೆ ಸಿಗದಿರುವುದಿಲ್ಲ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಬಿಡಿಭಾಗವಾಗಿ ಸಿಕ್ಕರೆ ಅದೇ ಒಳ್ಳೆಯದು. ಬೆಲೆ ಕೆಲವು ನೂರು ರೂಪಾಯಿಗಳ ಮಾತು, ಆದ್ದರಿಂದ ಅಗ್ಗದ್ದಕ್ಕೆ ಆಸೆಪಡಬೇಡಿ. ಹೊಂದಬೇಕಾದದ್ದು ಕಡ್ಡಿಯ ಉದ್ದ ಮತ್ತು ದಪ್ಪ, ಟರ್ಮಿನಲ್‌ಗಳ ಸಂಖ್ಯೆ ಮತ್ತು ಜಾಗ, ತಲೆಯ ಮೇಲೆ ಮುದ್ರಿಸಿರುವ ಆಂಪಿಯರ್ ಮತ್ತು ಡಿಗ್ರಿ. ಆಂಪಿಯರ್ ಹಳೆಯದಕ್ಕಿಂತ ಕಡಿಮೆ ಇರಕೂಡದು. ಹಳೆಯದರಲ್ಲಿ ಕಟ್‌ಔಟ್ ಸೇರಿದ್ದರೆ ಹೊಸದರಲ್ಲೂ ಇರಲೇಬೇಕು. ಉದ್ದ ಕಡಿಮೆಯಿರುವ ಕಡ್ಡಿಯನ್ನು ‘ಇದೂ ಆಗುತ್ತೆ ಸಾರ್’ ಎಂದು ಕೊಡುವವರಿದ್ದಾರೆ. ಅದು ಟ್ಯಾಂಕಿನ ತಳಭಾಗದ ಬಿಸಿಯನ್ನಷ್ಟೇ ಗ್ರಹಿಸುತ್ತದೆ, ಮೇಲಿನ ನೀರು ಎಷ್ಟು ಕಾದಿದೆಯೆಂಬುದು ಅದಕ್ಕೆ ತಿಳಿಯುವುದಿಲ್ಲ.

ಕೂರಿಸುವುದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಕಡ್ಡಿಯನ್ನು ಬಗ್ಗಿಸದೆ ಕೊಳವೆಯ ಕೊನೆಯವರೆಗೂ ತಳ್ಳಿ, ಫೋಟೋದಲ್ಲಿ ಇದ್ದಂತೆಯೇ ತಂತಿಗಳನ್ನು ಕೂಡಿಸಿ, ಪ್ರತಿ ಲಗ್ಗನ್ನೂ ಮೆಲ್ಲಗೆ ಎಳೆದು ಗಟ್ಟಿಯಾಗಿದೆಯೇ ನೋಡಿ. ತಾಮ್ರದ ನಳಿಕೆಯ ಮಾದರಿಯಾದರೆ ನಳಿಕೆಯನ್ನು ಚೂಪಾಗಿ ಮಡಚಬೇಡಿ, ಟರ್ಮಿನಲ್‌ಗಳಿಗೆ ತಾಗಲು ಬಿಡಬೇಡಿ. ಅರ್ಥ್ ತಂತಿಯ ನಟ್ಟು ಬಿಗಿಯಾಗಿರಲಿ. ಡಯಲನ್ನು 55ರಿಂದ 60 ಡಿಗ್ರಿಯ ನಡುವೆ ಇಡಿ. ಅದಕ್ಕಿಂತ ಬಹಳ ಕೆಳಗಿಟ್ಟರೆ ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಲೆಜಿಯೊನೆಲ್ಲಾದಂಥ ಬ್ಯಾಕ್ಟೀರಿಯಾ ಬೆಳೆಯಲು ಅವಕಾಶವಾಗುತ್ತದೆ; ಮೇಲಿಟ್ಟರೆ ಮೈ ಸುಡುವ ಅಪಾಯವೂ ಹೆಚ್ಚು, ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣ ಕಾಯಿಲ್ ಮೇಲೆ ಕಟ್ಟುವುದೂ ಬೇಗ. ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇದ್ದರೆ 60 ಡಿಗ್ರಿಯ ನೀರೂ ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡಬಲ್ಲದೆಂಬುದನ್ನು ನೆನಪಿಟ್ಟು, ಬಕೆಟ್ಟಿಗೆ ಮೊದಲು ತಣ್ಣೀರು ಬಿಡುವ ರೂಢಿ ಮಾಡಿಸಿ.

ಮುಚ್ಚಳ ಹಾಕಿ, ಬಿಸಿನೀರಿನ ನಲ್ಲಿಯಲ್ಲಿ ನೀರು ಧಾರಾಳವಾಗಿ ಬರುತ್ತಿದೆಯೇ ಎಂದು ನೋಡಿದ ಮೇಲೆ, ಅಂದರೆ ಟ್ಯಾಂಕ್ ತುಂಬಿದೆಯೆಂದು ಖಚಿತವಾದ ಮೇಲೆ ಎಂಸಿಬಿ ಎತ್ತಿ, ಸ್ವಿಚ್ ಹಾಕಿ ಗಡಿಯಾರ ನೋಡಿಕೊಳ್ಳಿ. ಚಳಿಗಾಲದಲ್ಲಿ 22 ಡಿಗ್ರಿಯಿರುವ 25 ಲೀಟರ್ ನೀರನ್ನು 60ಕ್ಕೆ ಏರಿಸಲು 2000 ವಾಟಿನ ಕಾಯಿಲ್‌ಗೆ ಲೆಕ್ಕದ ಪ್ರಕಾರ 33 ನಿಮಿಷ ಬೇಕು, ಸುಮಾರು 1.1 ಯೂನಿಟ್ ಖರ್ಚಾಗುತ್ತದೆ. 15 ಲೀಟರಿಗೆ 20 ನಿಮಿಷ. ಇದಕ್ಕಿಂತ ಐದಾರು ನಿಮಿಷ ಹೆಚ್ಚಾದರೆ ಚಿಂತೆಯಿಲ್ಲ. ಒಂದು ಗಂಟೆಯಾದರೂ ದೀಪ ಆರದಿದ್ದರೆ ಸ್ವಿಚ್ ಆರಿಸಿ ಡಯಲನ್ನೂ ಕಡ್ಡಿ ಪೂರ್ತಿ ಕೂತಿದೆಯೇ ಎಂಬುದನ್ನೂ ಮತ್ತೆ ನೋಡಬೇಕು. ಹತ್ತೇ ನಿಮಿಷಕ್ಕೆ ದೀಪ ಆರಿ ನೀರು ಉಗುರುಬೆಚ್ಚಗೆ ಬಂದರೆ ಹೊಸ ಥರ್ಮೋಸ್ಟಾಟನ್ನು ದೂರಬೇಡಿ. ಕಾಯಿಲ್ ಮತ್ತು ಕೊಳವೆಯ ನಡುವೆ ಸುಣ್ಣ ಕಟ್ಟಿಕೊಂಡು, ಕಾಯಿಲ್‌ನ ಬಿಸಿ ನೀರಿಗಿಂತ ಮೊದಲೇ ಕಡ್ಡಿಯನ್ನು ಮುಟ್ಟುತ್ತಿರುತ್ತದೆ. ಅದನ್ನು ಬಿಡಿಸಲು ಕಾಯಿಲ್‌ನ ತಟ್ಟೆಯನ್ನೇ ಈಚೆ ತೆಗೆಯಬೇಕು, ಅದಕ್ಕೆ ಟ್ಯಾಂಕ್ ಖಾಲಿಯಾಗಬೇಕು, ಹೊಸ ಗ್ಯಾಸ್ಕೆಟ್ಟೂ ಕೈಯಲ್ಲಿರಬೇಕು. ಆ ಕೆಲಸವನ್ನು ಅದೇ ದಿನ ಶುರುಮಾಡದೆ ಒಂದು ಭಾನುವಾರಕ್ಕೆ ಇಟ್ಟುಕೊಳ್ಳಿ.